ಬಾವಿಯ ಹಾವಸೆ

ತಣ್ಣಗಿದೆ, ಇನ್ನೂ ತಣ್ಣಗಿದೆ, ಬೆರಳಿಂದ ಒತ್ತಿದರೆ ತುಸು ತಗ್ಗಿ ಮತ್ತೆ ಮೆಲ್ಲಗೆ ಮೇಲೇಳುತ್ತದೆ, ಅಂದರೆ ಹಾವಸೆ, ಈ ಬಾವಿಗೋಡೆಯ ಹಸಿರು ಪಾಚಿ, ಸತ್ತಿಲ್ಲ, ಸುಭದ್ರಾಬಾಯಿ ಉಸಿರು ಬಿಟ್ಟಳು, ಸತ್ತಿದ್ದರೆ ಹೊಸದು ಕೆರೆದು ತರಲು ಇವತ್ತೇ ಮೈದುನ ಮಚ್ಛೇಂದ್ರನನ್ನು ಬಾವಿಗಿಳಿಸುತ್ತಿದ್ದರು — ಅವನಣ್ಣ ಇಳಿದ ಬಾವಿಗೇ, ತನ್ನ ಗಂಡ ಗೋರಖನಾಥ ಇಳಿದು ಜೀವಸಹಿತ ಮೇಲೆ ಬಾರದ ಬಾವಿಗೇ — ಬೀದರಿನ ಈ ಹವೇಲಿಯಲ್ಲಿ ಗಿಡಗಳಿಗೇ ಒಂದು ಕೋಣೆ, ಕಿಟಕಿಗೆ ದಪ್ಪ ಪರದೆ, ಹವೇಲಿಯ ಒಡತಿ ಶಾಕಿರಾ ಬೇಗಂ ಕಲಕತ್ತೆಯಿಂದ ತರಿಸಿದ ಆರ್ಕಿಡ್‌ಗಳು, ಮಣ್ಣು ಬೇಡವಂತೆ ಈ ಮಹಾರಾಣಿಯರಿಗೆ, ಬೇರಿಗೆ ಹಾವಸೆ ಸುತ್ತಬೇಕಂತೆ, ಚಳಿಗಾಲದ ಒಣಗಾಳಿ ಸೋಕಿದರೆ ಬೇರು ಮುರುಟುತ್ತದಂತೆ, ಜೀವ ಇರಬೇಕ ನೋಡವಾ, ಒಣಗಿದ್ದು ನಡಿಯಾಂಗಿಲ್ಲ, ಮಾಲಿ ಖಾಸಿಂ ಅಲಿ ಅಂದಿದ್ದ, ಹಸಿ ಹಾವಸಿ ನೀರ ಹಿಡಕೊಂಡು ಬೇರಿಗಿ ತಂಪ ಕೊಡ್ತದ, ಅದು ಹಸರ ಇದ್ರ ಗಿಡಕ್ಕೂ ಆರಾಮ ಅದ ಅಂತ ತಿಳಿ — ಆರಾಮವಾಗಿವೆ, ಗಿಡಗಳಿಗೇನಾಗಿದೆ ಧಾಡಿ, ಚಿಮುಕಿಸು, ಇನ್ನೊಂದಿಷ್ಟು, ಸಾಕು, ಹೆಚ್ಚಾದರೆ ಬೇರು ಕೊಳೆಯುತ್ತದೆ.

ಭಾಲ್ಕಿ ಹಾದಿಯ ಆ ಬಾವಿಯ ನೀರನ್ನು ಅವಳ ಕೇರಿಯವರು ಮುಟ್ಟುವಂತಿಲ್ಲ, ಅತ್ತೆ ಜೀವಮಾನವೆಲ್ಲ ದೂರ ನಿಂತು ಯಾರಾದರೂ ಕೊಡಕ್ಕೆ ಸುರಿಯಲಿ ಎಂದು ಕಾದವಳು, ಆದರೆ ಹಾವಸೆ ಕೆರೆಯುವುದು ಹೊಲಸು ಕೆಲಸ, ಅದಕ್ಕೆ ಇವರೇ ಬೇಕು, ಇಳಿಯೋ ಗೋರಖ್ಯಾ, ನೀರಿಗಿ ಕಾಲ ತಾಗಿಸಬ್ಯಾಡ, ಖಬರದಾರ, ಅಂದರು ಮೇಲೆ ಹಗ್ಗ ಹಿಡಿದವರು — ಹಾವಸೆ ಇರುವುದೇ ನೀರಿನಂಚಿಗೆ, ಹಗ್ಗದಲ್ಲಿ ಕಾಲು ಮಡಚಿ ಜೋತಾಡುತ್ತ ಕೆರೆದ, ಬುಟ್ಟಿ ತುಂಬಿತು, ಬುಟ್ಟಿಯನ್ನು ಮೊದಲು ಎಳೆದುಕೊಂಡರು, ಆಮೇಲೆ ಹಗ್ಗ ಹರಿಯಿತು, ಈಜು ಬರುತ್ತಿರಲಿಲ್ಲ, ಈಜು ಕಲಿಯಲು ಯಾವ ಬಾವಿಯಿತ್ತು ಅವನಿಗೆ? ನೀರು ಮೈಲಿಗೆಯಾಯಿತೆಂದು ಮೇಲೆ ಗದ್ದಲ, ಒಬ್ಬನೂ ಧುಮುಕಲಿಲ್ಲ, ಬಿದ್ದ ಕೊಡ ಎತ್ತುವ ಪಾತಾಳಗರಡಿ ಹಾಕಿ ಅವನನ್ನು ಎತ್ತಿದರು, ಉಗುರೊಳಗೆಲ್ಲ ಹಸಿರು, ಗೋಡೆ ಪರಚಿದ ಹಸಿರು, ಅವಳು ತೊಳೆದಳು, ಕಡ್ಡಿಯಿಂದ ಕೆದಕಿದಳು, ಹೋಗಲಿಲ್ಲ — ಬುಟ್ಟಿ ಮಾತ್ರ ಅಂದೇ ಹವೇಲಿ ಸೇರಿತ್ತು, ಆ ಹಾವಸೆಯನ್ನು ನೋಡಿಕೊಳ್ಳಲು ಅವಳನ್ನೇ ಕರೆದರು, ಪಾಪ ಗಂಡ ಸತ್ತವಳು ಅಂತ, ಎಂಥ ಕರುಣೆ, ಕಿತ್ತು ಒಲೆಗೆ ತುರುಕಬೇಕು ಅನ್ನಿಸುತ್ತದೆ ಅವಳಿಗೆ, ತುರುಕಿದರೆ ಮಚ್ಛೇಂದ್ರ ಇಳಿಯಬೇಕು, ವೈನಿ, ನೀವ ಅಂಜಬ್ಯಾಡ್ರಿ, ಕರದ್ರ ನಾ ಡಾಬಕಾ ಊರಿಗಿ ಓಡಿಹೋಗ್ತೇನಿ ಅಂತಾನೆ ಹುಚ್ಚ, ಹೆಂಡತಿ ಬಸುರಿ, ಹಾಸಿಗೆ ಹಿಡಿದ ತಾಯಿ, ಎಲ್ಲಿಗೆ ಓಡುತ್ತಾನೆ, ಹವೇಲಿಯ ಮಾತಿಗೆ ಇಲ್ಲ ಅನ್ನುವ ನಾಲಗೆ ಕೇರಿಯಲ್ಲಿ ಯಾರಿಗಿದೆ, ಅದಕ್ಕೇ ಚಿಮುಕಿಸು, ಗಂಡನನ್ನು ತಿಂದದ್ದನ್ನೇ ಬದುಕಿಸು, ಈ ಚಳಿಗಾಲ ದಾಟಿದರೆ ಸಾಕು, ಮಳೆ ಬಂದರೆ ಹವೇಲಿಯ ಗೋಡೆಯ ಮೇಲೂ ಹಾವಸೆ ಬೆಳೆಯುತ್ತದೆ.

ಪರದೆ ಸರಿಯಿತು, ಅತ್ತರಿನ ವಾಸನೆ, ಬೇಗಂ ಬಂದರು, ಬಾಗಿದರು, ಎಲೆಯ ಸಂದಿಯಲ್ಲಿ ಮೊಗ್ಗು ಒಡೆದಿದೆ, ಮಾಶಾಲ್ಲಾ, ಮಾಶಾಲ್ಲಾ, ಚಿಕ್ಕ ಹುಡುಗಿಯಂತೆ ನಕ್ಕು ಸುಭದ್ರಾಬಾಯಿಯ ಕಡೆ ನೋಡಿದರು, ಇವಳಿಗೂ ಒಂದು ಗಳಿಗೆ ಸಂತೋಷವೇ ಆಯಿತು, ನಾಚಿಕೆಗೆಟ್ಟ ಮನಸ್ಸು, ಬೇಗಂ ಉರ್ದುವಿನಲ್ಲಿ ಏನೋ ಹೇಳಿದರು, ಬಾಗಿಲಲ್ಲಿದ್ದ ಖಾಸಿಂ ಅಲಿ ಕನ್ನಡಕ್ಕೆ ತಿರುಗಿಸಿ ಹೇಳಿದ, ಬೇಗಂಸಾಬ ಭಾಳ ಖುಷ್ ಆಗ್ಯಾರವಾ, ನಿನ್ನ ಕೈ ಛಲೋ ಅದ ಅಂತಾರ, ಕಲಕತ್ತಾದಿಂದ ಇನ್ನೂ ಒಂದು ಬಂಡಿ ಗಿಡ ಬರ್ಲಿಕತ್ತಾವ, ಇಂಥಾದೇ ಹಾವಸಿ ಬೇಕು, ನಾಳಿ ಮುಂಜಾನಿ ನಿನ್ನ ಮೈದುನಗ ಬಾವಿ ಕಡಿ ಬಾ ಅಂತ ಹೇಳು — ಅವನ ದನಿ ಇಳಿಯಿತು, ಕಣ್ಣು ನೆಲಕ್ಕೆ — ಹೇಳ್ತಿ ಅಲ್ಲ? ಹ್ಞೂಂರಿ, ಅಂದದ್ದು ಅವಳ ಬಾಯಿಯೇ, ಹೊಸ ಹಗ್ಗ ಕೊಡ್ರಿ ಅನ್ನಬೇಕಿತ್ತು, ಬುಟ್ಟಿಗಿಂತ ಮೊದಲ ಅವನ್ನ ಎಳೀರಿ ಅನ್ನಬೇಕಿತ್ತು, ಮನೆಗೆ ಹೋಗಬೇಕು, ರೊಟ್ಟಿ ಬಡಿದು ಬಡಿಸಬೇಕು, ಅವನು ಉಣ್ಣಲು ಕೈ ಚಾಚುತ್ತಾನೆ, ಅಣ್ಣನದೇ ಕೈ, ಅಣ್ಣನದೇ ಅಗಲ ಉಗುರು, ಉಗುರೊಳಗೆ ಹಸಿರು, ಉಗುರೊಳಗೆ ಹಸಿರು, ಉಗುರೊಳಗೆ —