ಬೆನ್ನಿಗೆ ಬಿದ್ದ ಗಾಳಿ

ಅಂಗಡಿಯಲ್ಲಿ ಪ್ಯಾಂಟು ಆರಿಸುವಾಗ ನಾನು ಬಟ್ಟೆಗೆ ಬಾಯಿ ಒತ್ತಿ ಊದುತ್ತೇನೆ. ಆಚೆ ಬದಿಗೆ ಅಂಗೈ ಹಿಡಿದಿರುತ್ತೇನೆ. ಉಸಿರು ಅಂಗೈಗೆ ತಾಕಿದರೆ ಗಾಳಿಯೂ ಕಾಲಿಗೆ ತಾಕುತ್ತದೆ. ಚೀಟಿಯ ಮೇಲೆ ಏನೇ ಅಚ್ಚು ಹಾಕಿರಲಿ, ನನಗೆ ಈ ಪರೀಕ್ಷೆಯೊಂದರ ಮೇಲೆ ಮಾತ್ರ ನಂಬಿಕೆ.

"ಅದೇನೇ ಈಡುನ್, ಪ್ಯಾಂಟಲ್ಲಿ ಮೌತ್ ಆರ್ಗನ್ ನುಡಿಸ್ತಿದೀಯಾ?" ಎಂದಳು ನನ್ನ ಅಕ್ಕ ಗುನ್ವೋರ್.

ಈಸ್ಟರ್ ರಜೆಗೆ ಇನ್ನೂ ಎರಡು ವಾರವಿತ್ತು. ಬರ್ಗನ್ ನಗರದ ಆ ಬಟ್ಟೆ ಅಂಗಡಿಯಲ್ಲಿ ಆಗಲೇ ಜನ ಕಿಕ್ಕಿರಿದಿದ್ದರು. ಅಕ್ಕ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಾಳೆ, ಚಳಿಗಾಲ ಬಂದರೆ ದೂರದ ಸ್ಕೀ ಓಟಗಳಿಗೆ ಹೋಗುತ್ತಾಳೆ. ನಾನು ಪಠ್ಯಪುಸ್ತಕಗಳ ಕರಡು ತಿದ್ದುವವಳು. ತಪ್ಪು ಎಲ್ಲಿದೆ ಎಂದು ಹುಡುಕುವುದು ನನಗೆ ಹೊಟ್ಟೆಪಾಡು, ಅಭ್ಯಾಸವೂ ಹೌದು. ಪುಟದ ಮೇಲೆ ಹುಡುಕುವಂತೆ ಆಕಾಶದಲ್ಲೂ, ನಮ್ಮವರ ಮುಖದ ಮೇಲೂ ಕಣ್ಣು ಅದನ್ನೇ ಹುಡುಕುತ್ತಿರುತ್ತದೆ.

ನಾನು ಆರಿಸಿದ್ದು ಗಾಳಿ ತಡೆಯುವ ದಪ್ಪನೆಯ ಪ್ಯಾಂಟು. ಸುತ್ತಲೂ ಒಂದೇ ಬಟ್ಟೆ. ಬೂಟು ಬಿಚ್ಚದೆಯೇ ಏರಿಸಲು ಪಾದದಿಂದ ಮೊಣಕಾಲಿನವರೆಗೆ ಜಿಪ್ಪು. ನಡೆದರೆ ಹಳೆಯ ಪೇಪರು ಮುದುರಿದಂತೆ ಸದ್ದು. ಅಕ್ಕ ಎತ್ತಿಕೊಂಡದ್ದು ಕಪ್ಪಗಿನ, ಮೈಗಂಟುವ, ಹಗುರವಾದದ್ದು. ಅದರ ಮುಂಭಾಗಕ್ಕೆ ಮಾತ್ರ ಗಾಳಿ ತಡೆಯುವ ಬಟ್ಟೆ, ಹಿಂಭಾಗಕ್ಕೆ ಕಾಲುಚೀಲದಷ್ಟು ತೆಳುವಾದ, ಹಿಗ್ಗುವ ಹೆಣಿಗೆ.

"ಮುಂದೆ ಗಾಳಿ ತಡೀತದೆ, ಹಿಂದೆ ಬೆವರು ಬಿಡ್ತದೆ," ಎಂದಳು. "ಸ್ಕೀ ಮಾಡೋರು ತೊಡೋದು ಇಂಥದ್ದನ್ನೇ. ನಿಂದು ಪ್ಯಾಂಟಲ್ಲ ಕಣೇ, ಕಾಲು ಬಂದಿರೋ ಟೆಂಟು."

"ಗಾಳಿ ಹಿಂದಿನಿಂದ ಬಂದ್ರೆ?"

"ಬಂದ್ರೆ ತಳ್ಳತ್ತೆ. ಒಳ್ಳೇದೇ ಆಯ್ತಲ್ಲ."

ಅಂಗಡಿಯ ಹೆಂಗಸು ನಕ್ಕಳು. ನಾನು ಅಕ್ಕನ ಪ್ಯಾಂಟಿನ ಮುಂಭಾಗಕ್ಕೆ ಬಾಯಿಟ್ಟು ಊದಿದೆ. ಏನೂ ಆಚೆ ಬರಲಿಲ್ಲ. ತಿರುಗಿಸಿ ಹಿಂಭಾಗಕ್ಕೂ ಊದಬೇಕು ಎನ್ನುವಷ್ಟರಲ್ಲಿ ಅವಳು ಅದನ್ನು ಕಸಿದುಕೊಂಡು, "ಎಂಜಲು ಮಾಡ್ಬೇಡ, ದುಡ್ಡು ಕೊಡೋಳು ನಾನು," ಎಂದು ಹಣ ಕಟ್ಟಲು ಹೊರಟೇಬಿಟ್ಟಳು.

ನಾವಿಬ್ಬರೂ ಪ್ರತಿವರ್ಷ ಈಸ್ಟರಿಗೆ ಬೆಟ್ಟದ ಮೇಲಿನ ಹಾರ್ಡಂಗರ್ ಬಯಲಿಗೆ ಸ್ಕೀ ಮಾಡಲು ಹೋಗುತ್ತೇವೆ. ಅಲ್ಲಿ ಮರವಿಲ್ಲ, ಬೇಲಿಯಿಲ್ಲ. ನೆಲ ಯಾವುದು, ಹೆಪ್ಪುಗಟ್ಟಿದ ಕೆರೆ ಯಾವುದು ಎಂದು ತಿಳಿಯುವುದಿಲ್ಲ. ದಾರಿಯೆಂದರೆ ಹಿಮದಲ್ಲಿ ಸಾಲಾಗಿ ನೆಟ್ಟ ಬರ್ಚ್ ಮರದ ಕಡ್ಡಿಗಳು, ಅಷ್ಟೆ. ಆ ವರ್ಷ ರೈಲು ನಿಲ್ದಾಣದ ಪಕ್ಕದ ವಸತಿಗೃಹದಲ್ಲಿ ಒಂದು ರಾತ್ರಿ ಉಳಿದು, ಬೆಳಗ್ಗೆ ಪಶ್ಚಿಮಕ್ಕೆ, ಕೆರೆಯ ಅಂಚಿನಲ್ಲಿ ಸ್ಕೀ ಮಾಡುವವರು ತಂಗುವ ಗುಡಿಸಲಿಗೆ ಹೊರಟೆವು. ವಸತಿಗೃಹ ನೋಡಿಕೊಳ್ಳುವ ಟೋರ್ಲೈಫ್ ಬಾಗಿಲಲ್ಲಿ ನಿಂತು ಮೂಗು ಮೇಲೆತ್ತಿದ.

"ಮಧ್ಯಾಹ್ನದ ಮೇಲೆ ಏಳ್ತದೆ ಗಾಳಿ. ಪಶ್ಚಿಮದಿಂದ."

"ಅಷ್ಟೊತ್ತಿಗೆ ನಾವು ಒಲೆ ಹಚ್ಕೊಂಡು ಕಾಫಿ ಕುಡೀತಿರ್ತೀವಿ ಬಿಡಿ," ಎಂದಳು ಅಕ್ಕ.

ಗಾಳಿ ಮಧ್ಯಾಹ್ನದವರೆಗೆ ಕಾಯಲಿಲ್ಲ. ಮೊದಲು ಹಿಮದ ಮೇಲ್ಪದರ ಹೊಗೆಯಂತೆ ನಮ್ಮ ಸ್ಕೀಗಳ ಮೇಲೆ ಹರಿಯತೊಡಗಿತು. ಆಮೇಲೆ ಮೊಣಕಾಲಿಗೆ ಬಂತು, ಆಮೇಲೆ ಮುಖಕ್ಕೆ. ಅಕ್ಕ ತಲೆ ತಗ್ಗಿಸಿ, ಕೋಲುಗಳನ್ನು ಬಲವಾಗಿ ಊರಿ, ಗಾಳಿಯನ್ನು ಹಣೆಯಿಂದ ನೂಕುತ್ತಾ ಹೋಗುತ್ತಿದ್ದಳು. ಅವಳ ಕುತ್ತಿಗೆಯಿಂದ ಬೆವರಿನ ಹಬೆ ಏಳುತ್ತಿತ್ತು. ನಾನು ಹಿಂದಿನಿಂದ ಕಡ್ಡಿಗಳನ್ನೇ ನೋಡುತ್ತಿದ್ದೆ. ಮೊದಲು ಇಡೀ ಸಾಲು ಕಾಣುತ್ತಿತ್ತು. ಆಮೇಲೆ ಎರಡೋ ಮೂರೋ. ಕೊನೆಗೆ ಒಂದೇ ಒಂದು, ಅದೂ ಆಗಾಗ ಮಾಯ.

"ಗುನ್ವೋರ್, ತಿರುಗೋಣ."

"ಅರ್ಧ ದಾರಿ ಬಂದಾಗಿದೆ."

"ಗುಡಿಸಲಿನ ಹತ್ರ ಕಡ್ಡಿ ಬಿದ್ದೋಗಿದ್ರೆ ಏನ್ಮಾಡ್ತೀಯ? ಬಂದ ದಾರಿಯಲ್ಲಾದ್ರೂ ಕಡ್ಡಿ ಇದೆ ಅಂತ ಗೊತ್ತು. ತಿರುಗೋಣ ಅಕ್ಕ, ನಂಗೆ ಭಯ ಆಗ್ತಿದೆ."

"ನಿಂಗೆ ಸ್ನಾನದ ತೊಟ್ಟೀಲೂ ಭಯ ಆಗತ್ತೆ."

ಆದರೂ ನಿಂತಳು. ಸಕಾಲದಲ್ಲೇ ಹಿಂತಿರುಗಿ ಎಂಬ ನಿಯಮದ ಹಲಗೆ ಇಲ್ಲಿನ ಪ್ರತಿ ಗುಡಿಸಲಿನ ಗೋಡೆಯ ಮೇಲೂ ಇದೆ. ಅದನ್ನು ತನ್ನ ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ಅವಳೇ. ಗೊಣಗುತ್ತಾ ಸ್ಕೀ ತಿರುಗಿಸಿದಳು. ನನಗೆ ಆ ಕ್ಷಣ ಎದೆಯ ಭಾರ ಇಳಿದಂತಾಯಿತು. ಮುಖದ ಮೇಲೆ ಗಾಳಿಯಿಲ್ಲ, ಕಣ್ಣು ಬಿಡಬಹುದು, ಉಸಿರಾಡಬಹುದು. "ನೋಡಿದ್ಯಾ, ತಳ್ತಿದೆ," ಎಂದು ಅಕ್ಕ ಹಿಂದಿನಿಂದ ಕೂಗಿದಳು. ನಾನು ಮುಂದೆ ಹೊರಟಿದ್ದೆ, ಕಡ್ಡಿ ಹುಡುಕುವ ಕೆಲಸ ನನ್ನದಾಗಿತ್ತು.

ಸ್ವಲ್ಪ ದೂರ ಹೋದ ಮೇಲೆ ತಿರುಗಿ ನೋಡಿದೆ. ಅಕ್ಕ ನನ್ನ ಬೆನ್ನಿಗೆ ಇರಲಿಲ್ಲ.

ಇಷ್ಟು ವರ್ಷಗಳಲ್ಲಿ ಅವಳು ನನಗಿಂತ ಹಿಂದೆ ಉಳಿದದ್ದು ನನಗೆ ನೆನಪಿಲ್ಲ. ಬಿಳಿಯೊಳಗೆ ಕೂಗಿದೆ. ನನ್ನ ಕೂಗನ್ನು ಗಾಳಿ ನನ್ನ ಹಿಂದಕ್ಕೇ ಎಸೆಯಿತು. ನನ್ನ ಸ್ಕೀ ಗುರುತು ಮುಚ್ಚಿಹೋಗುವ ಮೊದಲು ಅದನ್ನೇ ಹಿಡಿದು ವಾಪಸು ಹೋದೆ. ಅಕ್ಕ ಕೋಲುಗಳ ಮೇಲೆ ಭಾರ ಹಾಕಿ ನಿಂತಿದ್ದಳು.

"ತೊಡೆ ಹಿಡ್ಕೊಂಡಿದೆ," ಎಂದಳು. ಮಾತು ದಪ್ಪವಾಗಿತ್ತು, ಹಲ್ಲಿನ ವೈದ್ಯರ ಬಳಿಯಿಂದ ಬಂದವರ ಮಾತಿನ ಹಾಗೆ.

"ಓಟದ ರಾಣಿಗೆ ಏನಾಯ್ತು ಈಗ?" ಎಂದೆ. ಅವಳನ್ನು ಕೆಣಕಲೆಂದೇ ಅಂದೆ. ಅವಳು ಏನೂ ಅನ್ನಲಿಲ್ಲ. ನನಗೆ ನಿಜವಾದ ಭಯ ಶುರುವಾದದ್ದು ಅಲ್ಲಿ. ಗಾಳಿ, ಹಿಮ ಹೊಸದಲ್ಲ. ನನ್ನ ಅಕ್ಕ ತಿರುಗಿ ಬೈಯದೆ ಸುಮ್ಮನಿದ್ದದ್ದು ಹೊಸದು.

ಅವಳು ಮೆಲ್ಲಗೆ ಕುಸಿದು ಕೂತಳು. "ನೀನು ಹೋಗಿ ಟೋರ್ಲೈಫನ್ನ ಕರ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ. ಇಲ್ಲಿ ಚೆನ್ನಾಗಿದೆ."

ಫೋನು ತೆಗೆದೆ. ಚಳಿಗೆ ಅದು ಸತ್ತಿತ್ತು. ಅವಳನ್ನು ಬಿಟ್ಟುಹೋದರೆ ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಬೆನ್ನಚೀಲದಿಂದ ಗಾಳಿಗೆ ಮರೆಯಾಗುವ ದೊಡ್ಡ ಕೆಂಪು ಬಟ್ಟೆಚೀಲ ತೆಗೆದು, ಇಬ್ಬರ ತಲೆಯ ಮೇಲೂ ಎಳೆದುಕೊಂಡು, ಅಂಚನ್ನು ನಮ್ಮ ಅಡಿಗೆ ಸಿಕ್ಕಿಸಿಕೊಂಡು ಕೂತೆ. ಒಳಗೆಲ್ಲ ಕೆಂಪು ಬೆಳಕು. ಹೊರಗೆ ಬಟ್ಟೆ ಪಟಪಟ ಬಡಿಯುತ್ತಿತ್ತು. ಥರ್ಮಾಸಿನ ಬಿಸಿ ಹಣ್ಣಿನ ರಸ ಅವಳ ಬಾಯಿಗೆ ಹಿಡಿದೆ. ಅರ್ಧ ಗದ್ದಕ್ಕೆ ಹೋಯಿತು.

ತೊಡೆ ಉಜ್ಜಲೆಂದು ಕೈ ಹಾಕಿದೆ. ಮುಂಭಾಗ ಒಣಗಿತ್ತು. ಕೈ ಹಿಂದಕ್ಕೆ ಜಾರಿದಾಗ ಬೆಚ್ಚಿಬಿದ್ದೆ. ಅಲ್ಲಿ ಬಟ್ಟೆಯೇ ಇರಲಿಲ್ಲ, ಹಲಗೆಯಿತ್ತು. ಎದುರುಗಾಳಿಗೆ ಹೋರಾಡುತ್ತಾ ಸುರಿಸಿದ ಬೆವರೆಲ್ಲ ಆ ತೆಳು ಹೆಣಿಗೆಯಲ್ಲಿ ಇಳಿದು, ನಾವು ತಿರುಗಿದ ಮೇಲೆ ಬೆನ್ನಿಗೆ ಬಿದ್ದ ಗಾಳಿಗೆ ಮಂಜುಗಡ್ಡೆಯಾಗಿತ್ತು. ಮುಂದಕ್ಕೇ ಹೋಗುವವರಿಗೆ ಹೊಲಿದ ಪ್ಯಾಂಟು ಅದು. ತಿರುಗಿಸಿದವಳು ನಾನು. ಮುಂದೆ ಹೋಗಿದ್ದರೆ ಇಷ್ಟರಲ್ಲಿ ಒಲೆಯ ಮುಂದೆ ಇರುತ್ತಿದ್ದಳೇನೋ ಎಂಬ ಯೋಚನೆ ಬಂತು. ಅದನ್ನು ಪೂರ್ತಿ ಯೋಚಿಸಲು ಧೈರ್ಯವಾಗಲಿಲ್ಲ.

ನನ್ನ ಪ್ಯಾಂಟು ಕೊಡೋಣವೆಂದರೆ, ಅವಳದು ನನಗಿಂತ ದೊಡ್ಡ ಮೈಕಟ್ಟು, ಅದು ಅವಳ ಮೊಣಕಾಲಿನಿಂದ ಮೇಲೆ ಏರುವುದಿಲ್ಲ. ಗಾಳಿ ಇನ್ನು ದಾರಿಯುದ್ದಕ್ಕೂ ಹಿಂದಿನಿಂದಲೇ. ತಡೆಯುವ ಬಟ್ಟೆ ಇರುವುದು ಮುಂದೆ. ಹಾಗಾದರೆ ಮುಂದಿರುವುದನ್ನು ಹಿಂದಕ್ಕೆ ತರಬೇಕು.

"ಅಕ್ಕ, ಪ್ಯಾಂಟು ಬಿಚ್ಚು."

ಅವಳು ನನ್ನನ್ನು ನೋಡಿದಳು, ಅರ್ಥವಾದಂತೆ ಕಾಣಲಿಲ್ಲ.

ಆದರೆ ಅವಳ ಪ್ಯಾಂಟಿಗೆ ಜಿಪ್ಪಿಲ್ಲ. ಪ್ಯಾಂಟು ಕಳಚಬೇಕಾದರೆ ಬೂಟು ಕಳಚಬೇಕು. ಈ ಚಳಿಯಲ್ಲಿ ಕಳಚಿದ ಬೂಟು ಮರದ ಹಾಗೆ ಗಟ್ಟಿಯಾಗುತ್ತದೆ. ಮತ್ತೆ ಕಾಲು ಒಳಗೆ ಹೋಗದಿದ್ದರೆ ಅವಳು ಇಲ್ಲಿಂದ ಏಳುವುದೇ ಇಲ್ಲ. ಲೇಸಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಎಷ್ಟು ಹೊತ್ತೋ. ಅವಳ ತಲೆ ನನ್ನ ಭುಜದ ಮೇಲೆ ವಾಲಿತು. ಆಗ ಲೇಸಿನ ಮೇಲಿನ ಮಂಜುಗಡ್ಡೆಯನ್ನು ಹಲ್ಲಿನಿಂದ ಕಚ್ಚಿ ಒಡೆದೆ. ಕಳಚಿದ ಬೂಟುಗಳನ್ನು ನನ್ನ ಜಾಕೆಟ್ಟಿನೊಳಗೆ, ಹೊಟ್ಟೆಗೆ ಒತ್ತಿಕೊಂಡೆ. ಅವಳ ಪ್ಯಾಂಟನ್ನೂ ಒದ್ದೆಯಾದ ಒಳಪ್ಯಾಂಟನ್ನೂ ಎಳೆದೆ. ತೊಡೆಯ ಹಿಂಭಾಗದಲ್ಲಿ ಮೇಣದಂಥ ಬಿಳಿ ಕಲೆಗಳಿದ್ದವು. ನನ್ನ ಚೀಲದಲ್ಲಿದ್ದ ಇನ್ನೊಂದು ಉಣ್ಣೆಯ ಒಳಪ್ಯಾಂಟನ್ನು ಹಿಗ್ಗಿಸಿ ಹಿಗ್ಗಿಸಿ ತೊಡಿಸಿದೆ. ಅವಳ ಪ್ಯಾಂಟಿನ ಮಂಜನ್ನು ಮುರಿದು ಉದುರಿಸಿ, ಹಿಂದುಮುಂದು ಮಾಡಿ ಏರಿಸಿದೆ. ಬಲಗಾಲಿನ ಬೂಟು ಸುಲಭವಾಗಿ ಹೋಯಿತು. ಎಡಗಾಲಿನ ಹಿಮ್ಮಡಿ ಒಳಗೆ ಇಳಿಯಲೇ ಇಲ್ಲ.

"ಒತ್ತು," ಎಂದೆ. "ಗುನ್ವೋರ್, ಒತ್ತು. ಒತ್ತದಿದ್ರೆ ನಾನೂ ಇಲ್ಲೇ ಕೂತ್ಕೋತೀನಿ, ಅಮ್ಮಂಗೆ ಇಬ್ಬರ ಸುದ್ದೀನೂ ಒಟ್ಟಿಗೆ ಹೋಗ್ಲಿ."

ಅವಳು ಒತ್ತಿದಳು. ಹಿಮ್ಮಡಿ ಇಳಿಯಿತು.

ಚಾಕೊಲೇಟು ತಿನ್ನಿಸಿ, ಎಬ್ಬಿಸಿ, ಈ ಸಲ ಅವಳನ್ನು ಮುಂದೆ ಬಿಟ್ಟೆ. ಕಣ್ಣಿಗೆ ಕಾಣುವ ಹಾಗೆ ಇರಲಿ ಎಂದು. ಮೊದಲು ಅವಳ ಕಾಲುಗಳು ಊರುಗೋಲುಗಳ ಹಾಗೆ ಎದ್ದು ಬಿದ್ದವು. ಒಂದು ಕಡ್ಡಿಯಿಂದ ಇನ್ನೊಂದು ಕಡ್ಡಿಗೆ. ಒಂದೆಡೆ ಮುಂದಿನ ಕಡ್ಡಿ ಕಾಣಲಿಲ್ಲ. ಇದ್ದ ಕಡ್ಡಿಯನ್ನು ಅವಳ ಕೈಗೆ ಹಿಡಿಸಿ, "ಹಾಡು ಹೇಳ್ತಿರು, ನಿಲ್ಲಿಸ್ಬೇಡ," ಎಂದು ಹೇಳಿ, ಅವಳು ಕಣ್ಮರೆಯಾಗುವ ಅಂಚಿನವರೆಗೆ ಹೋಗಿ ಬಲಕ್ಕೆ ಎಡಕ್ಕೆ ಹುಡುಕಿದೆ. ಹಾಡು ಕೇಳಿಸಲಿಲ್ಲ. ಅವಳ ನೆರಳು ಮಾತ್ರ ಅಲ್ಲೇ ಇದೆಯೇ ಎಂದು ಮತ್ತೆ ಮತ್ತೆ ತಿರುಗಿ ನೋಡಿದೆ. ಮುಂದಿನ ಕಡ್ಡಿ ಕೊನೆಗೂ ಸಿಕ್ಕಿದಾಗ ಮುರಿದು ಬಿದ್ದಿತ್ತು, ಅದರ ತುದಿ ಹಿಮದಿಂದ ಬೆರಳಿನಷ್ಟು ಹೊರಗಿತ್ತು. ವಾಪಸು ಬಂದಾಗ ಅಕ್ಕ ಕಡ್ಡಿಯನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದಳು.

ಮತ್ತೆ ಹೊರಟೆವು. ಬಹಳ ಹೊತ್ತಿನ ಮೇಲೆ ಅವಳು ತಲೆ ತಿರುಗಿಸಿ ಏನೋ ಹೇಳಿದಳು. ಕೇಳಿಸಲಿಲ್ಲ. ಹತ್ತಿರ ಹೋದೆ.

"ಯಾರಾದ್ರೂ ನೋಡಿದ್ರೆ," ಎಂದಳು, ಒಂದೊಂದೇ ಮಾತನ್ನು ಎತ್ತಿಟ್ಟ ಹಾಗೆ, "ಗುನ್ವೋರ್ ಹಿಮ್ಮುಖವಾಗಿ ಸ್ಕೀ ಮಾಡ್ತಿದಾಳೆ ಅಂದ್ಕೋತಾರೆ."

ಹಿಮಗಾಳಿಗೆ ಹಾಕಿದ್ದ ಕನ್ನಡಕದೊಳಗೆ ಕಣ್ಣೀರು ಬಂದು, ರೆಪ್ಪೆಗಳು ಅಂಟಿಕೊಂಡು, ಕಡ್ಡಿ ಕಾಣದೇ ಹೋದೀತೆಂದು ಹೆದರಿ ಅಳುವನ್ನು ನುಂಗಿದೆ.

ಅಕ್ಕನ ಸ್ಕೀ ತುದಿ ಹಲಗೆಯೊಂದಕ್ಕೆ ಬಡಿಯಿತು. ರೈಲು ಹಳಿಗೆ ಹಿಮ ನುಗ್ಗದಂತೆ ಕಟ್ಟಿದ ಹಲಗೆ ಬೇಲಿ ಅದು. ಅದನ್ನು ಕೈಯಿಂದ ತಡವುತ್ತಲೇ ವಸತಿಗೃಹದ ಬಾಗಿಲಿಗೆ ಬಂದೆವು.

ಟೋರ್ಲೈಫ್ ಅಕ್ಕನ ಮುಖ ನೋಡಿದ, ಆಮೇಲೆ ಪ್ಯಾಂಟು ನೋಡಿದ. ಏನೂ ಕೇಳದೆ ಕಂಬಳಿ ತಂದು, ನೀರನ್ನು ಉಗುರುಬೆಚ್ಚಗೆ ಕಾಯಿಸಿ, ಒಲೆಯ ಪಕ್ಕದ ಬೆಂಚಿನ ಮೇಲೆ ಅವಳನ್ನು ಬೋರಲು ಮಲಗಿಸಲು ನನಗೆ ನೆರವಾದ. ವೈದ್ಯರಿಗೆ ಫೋನು ಮಾಡಿ, ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಬಿಳಿ ಕಲೆಗಳು ನಿಧಾನವಾಗಿ ಕೆಂಪಾದವು. ಅಕ್ಕ ನೋವಿಗೆ ಬೆಂಚಿನ ಅಂಚನ್ನು ಕಚ್ಚಿದಳು. ಅದು ಒಳ್ಳೆಯ ಲಕ್ಷಣವಂತೆ.

"ಇದೇನು, ಬರ್ಗನ್ನಲ್ಲಿ ಈ ವರ್ಷದ ಫ್ಯಾಷನ್ನಾ?" ಎಂದು ಅವನು ಕೇಳಿದ್ದು ಅವಳು ಒಂದು ಬಟ್ಟಲು ಸೂಪು ಕುಡಿದು ಮುಗಿಸಿದ ಮೇಲೆ.

"ನನ್ ತಂಗೀನ ಕೇಳಿ," ಎಂದಳು ಅಕ್ಕ ದಿಂಬಿನೊಳಗಿಂದ. "ನಂಗೆ ಬಟ್ಟೆ ಹಾಕ್ಕೊಳ್ಳೋದು ಕಲಿಸಿದ್ದು ಅವಳೇ." ಮುಖವನ್ನು ನನ್ನ ಕಡೆಗೆ ತಿರುಗಿಸಿ, "ಈಡುನ್, ಆ ಟೆಂಟು ನನ್ನ ಅಳತೆಗೆ ಸಿಗತ್ತಾ?" ಎಂದಳು.

"ಸಿಗತ್ತೆ. ದೊಡ್ಡ ಟೆಂಟುಗಳೂ ಇರ್ತವೆ," ಎಂದೆ. ಅವಳ ಬೆನ್ನು ನಗುವಿಗೆ ಅಲುಗಿತು.

ಒದ್ದೆ ಬಟ್ಟೆಗಳನ್ನು ಎತ್ತಿಕೊಂಡು ಒಣಗಿಸುವ ಕೋಣೆಗೆ ಹೋದೆ. ಅಲ್ಲಿ ಬೇರೆಯವರ ಕೈಗವಸು, ಕಾಲುಚೀಲಗಳು ತಂತಿಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. ಉಣ್ಣೆಯ ವಾಸನೆ, ಬಿಸಿಗಾಳಿ. ಬೇರೆ ಯಾರೂ ಇರಲಿಲ್ಲ. ಅಕ್ಕನ ಪ್ಯಾಂಟನ್ನು ತಂತಿಗೆ ಹಾಕುವ ಮೊದಲು ತಿರುಗಿಸಿ, ಅಂಗಡಿಯಲ್ಲಿ ಊದಲಾಗದ ಜಾಗಕ್ಕೆ ಬಾಯಿ ಒತ್ತಿದೆ, ಆಚೆ ಬದಿಗೆ ಅಂಗೈ ಹಿಡಿದೆ.

ಮೆಲ್ಲಗೆ ಊದಿದೆ, ಕಣ್ಣಿಗೆ ಬಿದ್ದ ಕಸ ಊದುವಷ್ಟು ಮೆಲ್ಲಗೆ. ಉಸಿರು ಒಂದಿಷ್ಟೂ ತಡೆಯಿಲ್ಲದೆ, ಇನ್ನೂ ಬೆಚ್ಚಗೆ, ಅಂಗೈ ತುಂಬಾ ಬಂತು.