ಹೆರೆಯದೆ ಬೆಸೆದ ಮೂವತ್ತೊಂದು ಜಾಯಿಂಟು

ಶಿಡ್ಲಘಟ್ಟದ ನಮ್ಮ ಬೀದಿಯನ್ನು ಒಂದೇ ವರ್ಷದಲ್ಲಿ ನಾಲ್ಕು ಸಲ ಅಗೆದರು. ಮೊದಲು ಕುಡಿಯುವ ನೀರಿಗೆ, ಆಮೇಲೆ ಚರಂಡಿಗೆ, ಮೂರನೆಯ ಸಲ ಮನೆಮನೆಗೆ ಗ್ಯಾಸ್ ಕೊಡುವ ಪೈಪಿಗೆ. ನಾಲ್ಕನೆಯ ಸಲ ಯಾಕೆ ಅಗೆದರು ಎಂದು ಬೀದಿಯಲ್ಲಿ ಯಾರನ್ನೇ ಕೇಳಿ, ನನ್ನ ಮನೆಯ ಬಾಗಿಲು ತೋರಿಸುತ್ತಾರೆ. ತೋರಿಸಲಿ. ತಪ್ಪು ನನ್ನದೇ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನನ್ನ ಹೆಸರು ನಯೀಮ್. ಆಗ ಡಿಪ್ಲೊಮಾ ಮುಗಿಸಿ ಹನ್ನೊಂದು ವರ್ಷವಾಗಿತ್ತು. ಒಂಬತ್ತು ವರ್ಷ ಗೌರಿಬಿದನೂರು, ಚಿಂತಾಮಣಿ ಕಡೆ ನೀರಿನ ಪೈಪು ಹಾಕಿಸಿದ್ದೆ. ಎರಡು ವರ್ಷದಿಂದ ಗ್ಯಾಸ್ ಪೈಪಿನ ಗುತ್ತಿಗೆ ಕಂಪನಿಯಲ್ಲಿ ಸೈಟ್ ಇಂಜಿನಿಯರ್ ಆಗಿದ್ದೆ. ಬೀದಿಯವರು ಇಂಜಿನಿಯರ್ ಸಾಹೇಬ್ರು ಎಂದು ಕರೆಯುತ್ತಿದ್ದರು. ನಾನೂ ಅದಕ್ಕೆ ತಕ್ಕಂತೆ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೆ.

ಒಂದು ದಿನ ಕಂಪನಿಯಿಂದ ಪತ್ರ ಬಂತು. ಪೈಪ್‌ಲೈನ್ ಕೆಲಸದ ಇಂಜಿನಿಯರುಗಳೆಲ್ಲ ಸಾಮರ್ಥ್ಯ ಪರೀಕ್ಷೆಗೆ ಬರಬೇಕು, ಎಷ್ಟು ವರ್ಷ ಸರ್ವೀಸ್ ಆಗಿದ್ದರೂ ಸರಿ. ಪತ್ರ ತಂದುಕೊಟ್ಟವಳು ಶಿರೀಷಾ. ಗೌರಿಬಿದನೂರಿನ ಹುಡುಗಿ, ನಮ್ಮ ಕಂಪನಿಯಲ್ಲೇ ಗುಣಮಟ್ಟ ನೋಡಿಕೊಳ್ಳುವವಳು, ಕೆಲಸಕ್ಕೆ ಸೇರಿ ಮೂರು ವರ್ಷ.

ನನಗೆ ಉರಿದುಹೋಯಿತು.

"ನೀನು ಕಾಲೇಜು ಬಿಟ್ಟಿದ್ದು ಮೊನ್ನೆ ಕಣಮ್ಮ. ನಾನು ಹಾಕ್ಸಿರೋ ಪೈಪು ಉದ್ದಕ್ಕೆ ಜೋಡಿಸಿದ್ರೆ ಬೆಂಗಳೂರು ಮುಟ್ತದೆ. ನನಗೆ ಪರೀಕ್ಷೆನಾ?"

"ಸಾರ್, ಇದು ಪಾಸು ಫೇಲಿನ ಪರೀಕ್ಷೆ ಅಲ್ಲ," ಅಂದಳು. "ನಮ್ಮ ಕೆಲಸನೆಲ್ಲ ಒಂದೊಂದಾಗಿ ಪಟ್ಟಿ ಮಾಡಿದಾರೆ. ಜಾಯಿಂಟ್ ಮಾಡೋದು, ಪ್ರೆಷರ್ ಟೆಸ್ಟು, ವಾಲ್ವ್, ನಕ್ಷೆ, ಎಮರ್ಜೆನ್ಸಿ, ಎಲ್ಲಾನೂ. ಪ್ರತಿಯೊಂದಕ್ಕೂ ನಾಲ್ಕು ಮೆಟ್ಲು. ಬರೀ ಗೊತ್ತಿದೆಯಾ, ಇನ್ನೊಬ್ಬರು ಪಕ್ಕದಲ್ಲಿ ನಿಂತ್ಕೊಂಡ್ರೆ ಮಾಡ್ತೀರಾ, ಒಬ್ಬರೇ ಮಾಡ್ತೀರಾ, ಬೇರೆಯವರಿಗೆ ಕಲಿಸ್ತೀರಾ. ಎಲ್ಲಿ ನಿಂತಿದೀವಿ ಅಂತ ಗೊತ್ತಾದ್ರೆ ಮುಂದಿನ ಮೆಟ್ಲಿಗೆ ಟ್ರೈನಿಂಗ್ ಕೊಡ್ತಾರೆ. ಪ್ರಮೋಷನ್ನೂ ಅದ್ರ ಮೇಲೇನೆ."

ತನ್ನ ಹಾಳೆಯನ್ನೂ ತೋರಿಸಿದಳು. ವಾಲ್ವಿನ ಕೆಲಸದ ಮುಂದೆ "ಇನ್ನೊಬ್ಬರ ನಿಗಾದಲ್ಲಿ ಮಾತ್ರ" ಎಂದು ಬರೆದು ತಾನೇ ಸಹಿ ಹಾಕಿದ್ದಳು. ನನಗೆ ನಗು ಬಂತು. ತನಗೆ ಬರುವುದಿಲ್ಲ ಎಂದು ಯಾರಾದರೂ ಬರೆದುಕೊಡುತ್ತಾರೆಯೇ? ನಾನು ನನ್ನ ಹಾಳೆಯಲ್ಲಿ ಎಲ್ಲದರ ಮುಂದೆಯೂ "ಕಲಿಸಬಲ್ಲೆ" ಎಂದು ಗೀಚಿ ಕೊಟ್ಟೆ.

ಮನೆಯಲ್ಲಿ ನಮ್ಮ ಅಮ್ಮಿ ಶಮ್ಸುನ್ನೀಸಾ ನನ್ನ ಪಕ್ಷವೇ. ನಾವು ಮನೆಯಲ್ಲಿ ಆಡುವುದು ಉರ್ದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಹನ್ನೊಂದು ವರ್ಷ ದುಡಿದವನನ್ನ ಮಕ್ಕಳ ಹಾಗೆ ಕೂರಿಸ್ತಾರಾ? ಹೋಗ್ಬೇಡ ಬೇಟಾ," ಅಂದಳು.

ಹೋಗದಿದ್ದರೆ ಹೆದರಿದ ಅನ್ನುತ್ತಾರೆ ಎಂದು ಹೋದೆ. ಅದು ಬುಧವಾರ. ಮರುದಿನ ಗುರುವಾರ ನಮ್ಮ ಬೀದಿಯ ಪೈಪಿಗೆ ಗ್ಯಾಸ್ ಬಿಡುವುದೆಂದು ನಿಗದಿಯಾಗಿತ್ತು.

ಚಿಕ್ಕಬಳ್ಳಾಪುರದ ಹೈವೇ ಪಕ್ಕದ ಒಂದು ಶೆಡ್ಡಿನಲ್ಲಿ ಪರೀಕ್ಷೆ. ಪರೀಕ್ಷಿಸುವವರು ಚನ್ನಕೇಶವ ಅಂತ, ನಮ್ಮ ಯೋಜನೆಗೆಲ್ಲ ಮುಖ್ಯಸ್ಥರು. ತಲೆ ಪೂರ್ತಿ ನೆರೆತಿದೆ, ಮಾತು ಕಡಿಮೆ. ಎರಡು ಹಳದಿ ಪೈಪು, ಒಂದು ಕಪ್ಲರ್ ಕೊಟ್ಟು, ಕೂಡಿಸಿ ಅಂದರು. ಗ್ಯಾಸ್ ಪೈಪು ಪ್ಲಾಸ್ಟಿಕ್ಕಿನದು. ಕಪ್ಲರಿನ ಒಳಗೆ ತಂತಿ ಸುತ್ತಿರುತ್ತದೆ. ಎರಡು ಕಡೆಯಿಂದ ಪೈಪು ತೂರಿಸಿ ಕರೆಂಟು ಕೊಟ್ಟರೆ ತಂತಿ ಕಾದು, ಪ್ಲಾಸ್ಟಿಕ್ ಕರಗಿ, ಎಲ್ಲವೂ ಒಂದಾಗಬೇಕು.

ನಾನು ಪೈಪು ಒರೆಸಿದೆ, ತೂರಿಸಿದೆ, ಕರೆಂಟು ಕೊಟ್ಟೆ. ಪರೀಕ್ಷೆಗೆ ಬಂದಿದ್ದ ಆರು ಜನರಲ್ಲಿ ಮೊದಲು ಮುಗಿಸಿದವನು ನಾನೇ. ಮಿಕ್ಕವರು ಇನ್ನೂ ಪೈಪಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡು, ಒಂದು ಉಪಕರಣ ಹಿಡಿದು ಮೇಲಿನ ಪದರವನ್ನು ಹೆರೆಯುತ್ತಾ ಕೂತಿದ್ದರು. ನಾನು ಕೈಕಟ್ಟಿ ನಿಂತು ನೋಡುತ್ತಾ, ಪಕ್ಕದವನಿಗೆ ತಮಾಷೆ ಕೂಡ ಮಾಡಿದೆ.

ಎಲ್ಲ ತಣ್ಣಗಾದ ಮೇಲೆ ಚನ್ನಕೇಶವ ಸಾರ್ ಒಂದೊಂದೇ ಜಾಯಿಂಟನ್ನು ಉದ್ದಕ್ಕೆ ಸೀಳಿಸಿದರು. ಇಕ್ಕಳದಲ್ಲಿ ಹಿಡಿದು ಕಪ್ಲರನ್ನು ಪೈಪಿನಿಂದ ಕಿತ್ತು ನೋಡಿದರು. ಬೇರೆಯವರದು ಎಷ್ಟು ಎಳೆದರೂ ಬಿಡಲಿಲ್ಲ, ಪ್ಲಾಸ್ಟಿಕ್ಕೇ ಹರಿಯಿತು. ನನ್ನದು ಬಾಳೆಹಣ್ಣಿನ ಸಿಪ್ಪೆಯಂತೆ ಸಲೀಸಾಗಿ ಬಿಟ್ಟುಕೊಂಡಿತು. ಕೆಳಗೆ ಪೈಪು ನುಣ್ಣಗೆ ಹೊಳೆಯುತ್ತಿತ್ತು.

"ಹೆರೆದಿದ್ರಾ?" ಎಂದು ಕೇಳಿದರು.

"ಹೊಸ ಪೈಪು ಸಾರ್. ಕೊಳೆ ಏನೂ ಇರ್ಲಿಲ್ಲ."

"ಕೊಳೆ ಅಲ್ಲಪ್ಪ. ಹೊಸ ಪೈಪಾದ್ರೂ ಗಾಳಿಗೆ, ಬಿಸಿಲಿಗೆ ಮೇಲಿನ ಪದರ ಕೆಡುತ್ತೆ. ಅದನ್ನ ತೆಗೀದೆ ಇದ್ರೆ ಅಂಟ್ಕೊಳ್ಳುತ್ತೆ, ಬೆಸೆಯಲ್ಲ. ನೀರಿನ ಪೈಪಲ್ಲಿ ತುದಿಗೆ ತುದಿ ಕಾಯಿಸಿ ಒತ್ತುತಿದ್ರಿ, ಅಲ್ಲಿ ತುದಿ ಕೆತ್ತೋ ಮಿಷನ್ನು ಆ ಕೆಲಸ ಮಾಡ್ಕೊಡ್ತಿತ್ತು. ಇಲ್ಲಿ ಕೈಯಲ್ಲೇ ಮಾಡ್ಬೇಕು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಹಾಳೆಯನ್ನು ತೆಗೆದು, "ಕಲಿಸಬಲ್ಲೆ" ಎಂದು ನಾನು ಬರೆದಿದ್ದನ್ನು ಓದಿ, ಮೇಜಿನ ಮೇಲಿಟ್ಟರು. ನಾನು ತಲೆ ತಗ್ಗಿಸಿದೆ. ಯಾಕೆಂದರೆ ನಾನು ನಿಜವಾಗಿಯೂ ಕಲಿಸಿದ್ದೆ. ಪೈಪು ಜೋಡಿಸುವ ನಮ್ಮ ಇಬ್ಬರು ಫಿಟ್ಟರುಗಳಿಗೆ, ಹೆರೆಯುತ್ತಾ ಕೂತರೆ ಟೈಮ್ ವೇಸ್ಟು, ಒರೆಸಿ ಸಾಕು ಎಂದು ಹೇಳಿಕೊಟ್ಟಿದ್ದವನು ನಾನೇ. ನಮ್ಮ ಬೀದಿಯಲ್ಲಿ ಅಂಥ ಮೂವತ್ತೊಂದು ಜಾಯಿಂಟು ನೆಲದಡಿ ಇದ್ದವು. ಎಲ್ಲದಕ್ಕೂ ನನ್ನ ಸಹಿ. ಅದಕ್ಕೆ ಮುಂಚೆ ಗ್ಯಾಸಿನಲ್ಲಿ ನಾನು ನೋಡಿಕೊಂಡಿದ್ದು ಅಗೆಯುವ, ಮುಚ್ಚುವ ಕೆಲಸ ಮಾತ್ರ.

ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಸ್ಸು ಹತ್ತಿ ಕೂತು, ಶಿರೀಷಾಗೆ ಫೋನ್ ಮಾಡಿದೆ.

"ನಮ್ಮ ಬೀದಿ ಲೈನು ಪ್ರೆಷರ್ ಟೆಸ್ಟ್ ಪಾಸಾಗಿದೆ ಅಲ್ವೇನಮ್ಮ? ಅಂದ್ಮೇಲೆ ಪರವಾಗಿಲ್ಲ ತಾನೇ?"

ನಾನು ಹೆರೆಸಿಲ್ಲ ಎಂದು ಅವಳಿಗೆ ತಟ್ಟನೆ ಅರ್ಥವಾಯಿತು.

"ಟೆಸ್ಟಲ್ಲಿ ನಿಲ್ಲುತ್ತೆ ಸಾರ್. ಮೇಲೆ ಲಾರಿ ಓಡಾಡಿ, ಮಣ್ಣು ಕುಸಿದು, ಎರಡು ವರ್ಷಕ್ಕೋ ಐದು ವರ್ಷಕ್ಕೋ ಬಿಡುತ್ತೆ. ಯಾವತ್ತು ಅಂತ ಯಾರಿಗೂ ಹೇಳಕ್ಕಾಗಲ್ಲ. ಇವತ್ತು ಸಂಜೆ ಒಳಗೆ ಚನ್ನಕೇಶವ ಸಾರ್‌ಗೆ ಗೊತ್ತಾಗ್ಲೇಬೇಕು. ನಾನು ಹೇಳ್ಬಹುದು. ಆದ್ರೆ ನೀವೇ ಹೇಳಿದ್ರೆ ಚೆನ್ನಾಗಿರುತ್ತೆ."

ಮನೆಗೆ ಬಂದಾಗ ಅಮ್ಮಿ ಆಗಷ್ಟೇ ಕೆಲಸದಿಂದ ಬಂದು ಕೈ ತೊಳೆಯುತ್ತಿದ್ದಳು. ಅವಳು ಬೀದಿಯ ತುದಿಯ ರೇಷ್ಮೆ ರೀಲಿಂಗ್ ಘಟಕದಲ್ಲಿ ಕುದಿಯುವ ನೀರಿನಿಂದ ಗೂಡು ಎತ್ತಿ ಎಳೆ ಹಿಡಿಯುವವಳು. ಅವಳ ಬೆರಳುಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತವೆ. ನಡೆದದ್ದನ್ನೆಲ್ಲ ಹೇಳಿದೆ.

"ಈಗ ಯಾರಿಗೂ ಗೊತ್ತಿಲ್ವಲ್ಲ. ಸುಮ್ನಿರು," ಅಂದಳು. "ಬೀದಿ ಮತ್ತೆ ಅಗೆಸಿದ್ರೆ ನಾನು ಹೇಗೆ ತಲೆ ಎತ್ತಿ ಓಡಾಡ್ಲಿ? ಕೆಲಸದಿಂದ ತೆಗೆದ್ರೆ?"

ನನಗೂ ಅದೇ ಬೇಕಿತ್ತು. ಯಾರಾದರೂ ಸುಮ್ಮನಿರು ಅನ್ನಲಿ ಎಂದೇ ಕಾಯುತ್ತಿದ್ದೆ. ಆದರೆ ಅವಳ ಬೆರಳು ನೋಡುತ್ತಾ ಬಾಯಿಂದ ಮಾತು ತಾನಾಗಿ ಬಂತು.

"ಅಮ್ಮಿ, ಅದ್ರಲ್ಲಿ ಎರಡು ಜಾಯಿಂಟು ನಿಮ್ಮ ಘಟಕದ ಬಾಗಿಲಿನ ಮುಂದೇನೇ ಇವೆ."

"ಒಲೆ ಹತ್ರನಾ?"

"ಹೂಂ."

ಅವಳು ಕೈ ಒರೆಸಿಕೊಳ್ಳುವುದನ್ನೇ ಮರೆತಳು. ಗೂಡು ಬೇಯಿಸುವ ಒಲೆಗಳು ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತವೆ. ಎಂಟು ಜನ ಹೆಂಗಸರು ಸಾಲಾಗಿ ಕೂತಿರುತ್ತಾರೆ.

"ಫೋನ್ ಮಾಡು," ಅಂದಳು. "ನನ್ನ ಎದುರಿಗೇ ಮಾಡು."

ಮಾಡಿದೆ. ಚನ್ನಕೇಶವ ಸಾರ್ ಪೂರ್ತಿ ಕೇಳಿಸಿಕೊಂಡು, "ನಾಳೆ ಗ್ಯಾಸ್ ಬಿಡಲ್ಲ. ಬೆಳಗ್ಗೆ ಅಗೆಯೋಣ, ನೀವೂ ಬನ್ನಿ," ಅಂದರು.

ಗುರುವಾರ ಬೀದಿಗೆ ಬೀದಿಯೇ ಹೊರಗೆ ನಿಂತಿತ್ತು. ಮೊನ್ನೆಯಷ್ಟೇ ಮುಚ್ಚಿದ ಕಾಂಕ್ರೀಟು ಮತ್ತೆ ಒಡೆಯಿತು. ಎದುರು ಮನೆಯ ವರಲಕ್ಷ್ಮಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತು, ತೆಲುಗು ಬೆರೆಸಿ ಕೇಳಿದರು.

"ಏಮಪ್ಪಾ ನಯೀಮು, ಒಳಗೇನಾದ್ರೂ ಮರ್ತು ಬಿಟ್ಟು ಮುಚ್ಚಿದ್ರಾ?"

ಕಂಪನಿ ಆರ್ಡರ್ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. "ಇಲ್ಲ ಆಂಟಿ. ನನಗೆ ಬರ್ದೇ ಇರೋ ಕೆಲಸನ ಬರುತ್ತೆ ಅಂತ ಮಾಡ್ಸಿದ್ದೆ," ಅಂದೆ. ನನ್ನ ಫಿಟ್ಟರುಗಳಿಬ್ಬರೂ ನನ್ನ ಮುಖ ನೋಡದೆ ಗುಂಡಿಗೆ ಇಳಿದರು. ಅದರಿಂದ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಮೂವತ್ತೊಂದನ್ನೂ ಕತ್ತರಿಸಿ ತೆಗೆದೆವು. ಸೀಳಿ ನೋಡಿದರೆ ಇಪ್ಪತ್ತೆರಡು ಸಿಪ್ಪೆಯಂತೆ ಬಿಟ್ಟವು. ರೀಲಿಂಗ್ ಘಟಕದ ಮುಂದಿನವು ಎರಡೂ ಅವುಗಳಲ್ಲಿದ್ದವು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಎರಡನೆಯ ಮೆಟ್ಟಿಲಿಗೆ ಇಳಿಸಿದರು. ಏಳು ತಿಂಗಳು ಶಿರೀಷಾ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು, ನಾನು ಹೆರೆಯುತ್ತಿದ್ದೆ. ಮಾಡಿದ ಪ್ರತಿಯೊಂದು ಜಾಯಿಂಟನ್ನೂ ಪುಸ್ತಕದಲ್ಲಿ ಬರೆದೆ, ಅವಳು ಸಹಿ ಮಾಡಿದಳು. ಆಮೇಲೆ ಮತ್ತೆ ಪರೀಕ್ಷೆ ಕೊಟ್ಟು ಮೂರನೆಯದಕ್ಕೆ ಏರಿದೆ. ಮೂರು ವರ್ಷಕ್ಕೊಮ್ಮೆ ಮತ್ತೆ ಜಾಯಿಂಟು ಮಾಡಿ ತೋರಿಸಬೇಕು. ಈಗ ಅಮ್ಮಿಯೇ ಪಕ್ಕದ ಮನೆಯವರಿಗೆ ಹೇಳುತ್ತಾಳೆ, "ಇವ್ರಿಗೆ ಪರೀಕ್ಷೆ ಇರ್ಬೇಕಮ್ಮ, ನಮ್ಮ ಕಾಲ ಕೆಳಗಿನ ಕೆಲಸ ಅದು."

ಪೈಪ್‌ಲೈನ್ ಕೆಲಸದಲ್ಲಿರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ನಿಮ್ಮ ಸಂಸ್ಥೆಯಲ್ಲಿ ಸಾಮರ್ಥ್ಯದ ಪಟ್ಟಿ ಇದ್ದರೆ ಪ್ರಾಮಾಣಿಕವಾಗಿ ತುಂಬಿ, ಇಲ್ಲದಿದ್ದರೆ ಕೇಳಿ ಮಾಡಿಸಿ. ನೀರಿನಲ್ಲಿ ಹತ್ತು ವರ್ಷ ಕಳೆದ ಮಾತ್ರಕ್ಕೆ ಗ್ಯಾಸ್ ಬರುವುದಿಲ್ಲ, ಗ್ಯಾಸಿನಲ್ಲಿದ್ದ ಮಾತ್ರಕ್ಕೆ ಎಣ್ಣೆಯ ಲೈನು ಬರುವುದಿಲ್ಲ. ಕಲಿಯಲು ಚಿಕ್ಕವರ ಪಕ್ಕ ನಿಲ್ಲಬೇಕಾದರೆ ನಿಲ್ಲಿ. ಬೀದಿಯ ಜನರೇ, ನಿಮ್ಮ ಮನೆಯ ಮುಂದೆ ಪೈಪು ಹಾಕಲು ಬಂದವರನ್ನು, ಈ ಕೆಲಸದ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.

ಬರುವುದಿಲ್ಲ ಎಂದು ಒಪ್ಪಿಕೊಳ್ಳುವಾಗ ನಾಚಿಕೆಯಾಗುತ್ತದೆ, ನಿಜ. ನನಗೆ ಇವತ್ತಿಗೂ ಆ ಬೀದಿಯಲ್ಲಿ ನಡೆಯುವಾಗ ಆಗುತ್ತದೆ. ಆದರೆ ಬೆಳಗ್ಗೆ ಎಂಟಕ್ಕೆ ಆ ಘಟಕದ ಒಲೆ ಹೊತ್ತಿಸುತ್ತಾರೆ, ಎಂಟು ಜನ ಹೆಂಗಸರು ಬಂದು ಕೂರುತ್ತಾರೆ, ಸಂಜೆ ಎಂಟು ಜನವೂ ಎದ್ದು ಮನೆಗೆ ಹೋಗುತ್ತಾರೆ.