ಎಸರು ಕುದಿಯುವಷ್ಟು ಹೊತ್ತು

ಕಮಲಾಪುರದಲ್ಲಿ ಉಚ್ಚೆಂಗಮ್ಮನ ರೊಟ್ಟಿಗೂ ಹೆಸರಿತ್ತು, ಬಾಯಿಗೂ ಹೆಸರಿತ್ತು. ರೊಟ್ಟಿಯ ಹೆಸರು ಹೊಸಪೇಟೆಯ ಖಾನಾವಳಿಗಳ ತನಕ ಮುಟ್ಟಿತ್ತು. ಬಾಯಿಯ ಹೆಸರು ಅದನ್ನೂ ದಾಟಿ ಬೀಗರ ಊರಾದ ಕಂಪ್ಲಿಯವರೆಗೆ ಹೋಗಿ ಕೂತಿತ್ತು. ಹಾಗಂತ ಆಕೆ ಕೆಟ್ಟವಳಲ್ಲ. ಯಾರಿಗಾದರೂ ಜ್ವರ ಬಂದರೆ ಮೊದಲು ಗಂಜಿ ಒಯ್ಯುವವಳೂ ಆಕೆಯೇ. ಆದರೆ ಗಂಜಿ ಕೊಟ್ಟ ಮೇಲೆ ಜ್ವರ ಯಾಕೆ ಬಂತು, ಅದರಲ್ಲಿ ರೋಗಿಯ ತಪ್ಪೆಷ್ಟು ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳದೆ ಎದ್ದು ಬರುತ್ತಿರಲಿಲ್ಲ.

ಆ ಬಾಯಿ ಆಕೆಗೇ ಮುಳುವಾದದ್ದು ಸೊಸೆ ಸುಷ್ಮಿತಾಳ ಕುಬುಸದ ದಿನ. ಇಪ್ಪತ್ತು ಮುತ್ತೈದೆಯರು ಕೂತಿದ್ದರು. ಹಸಿರು ಸೀರೆ ಉಟ್ಟ ತುಂಬು ಬಸುರಿಯನ್ನು ನೋಡಿ ಯಾರೋ ಚಂದ ಕಾಣುತ್ತಾಳೆ ಎಂದರು. ಉಚ್ಚೆಂಗಮ್ಮನಿಗೆ ನಗೆಯಾಡುವ ಹುಕಿ ಬಂತು.

"ಎರಡು ವರ್ಷ ಆತು, ಒಂದು ರೊಟ್ಟಿ ದುಂಡಗ ಬಡಿಯಾಕ ಬಂದಿಲ್ಲ ಇಕಿಗೆ. ಕೂಸಾದ್ರೂ ನೆಟ್ಟಗ ಬರ್ತೈತೋ, ಅದೂ ಸೊಟ್ಟನ ಬರ್ತೈತೋ!"

ನಾಲ್ಕು ಜನ ನಕ್ಕರು. ಸುಷ್ಮಿತಾ ನಗಲಿಲ್ಲ. ಮರುದಿನವೇ ಹೆರಿಗೆಗೆಂದು ತವರು ಕಂಪ್ಲಿಗೆ ಹೋದಳು. ಜೂನ್ ಮೊದಲ ವಾರ ಹೆಣ್ಣು ಕೂಸು ಹುಟ್ಟಿತು, ಅದರ ಎಡಗಾಲಿನ ಪಾದ ಒಳಕ್ಕೆ ತಿರುಗಿತ್ತು.

ವಾರವಾರ ಪ್ಲಾಸ್ಟರ್ ಹಾಕಿದರೆ ಕಾಲು ನೆಟ್ಟಗಾಗುತ್ತದೆ, ಆಮೇಲೆ ಬೂಟು ಹಾಕಿಸಿದರಾಯಿತು, ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ, ಹೆದರಬೇಡಿ ಎಂದು ಡಾಕ್ಟರು ಹೇಳಿದ್ದರು. ಉಚ್ಚೆಂಗಮ್ಮ ಓಡೋಡಿ ಆಸ್ಪತ್ರೆಗೆ ಹೋದಾಗ ಸುಷ್ಮಿತಾ ಗೋಡೆಯ ಕಡೆ ಹೊರಳಿದಳು. ಹೇಳಬೇಕಾದದ್ದನ್ನು ಗಂಡ ಮಾಲತೇಶನ ಮೂಲಕ ಹೇಳಿಸಿದಳು. "ಅತ್ತಿ ಬಾಯಿ ನನ್ನ ಕೂಸಿನ ಮ್ಯಾಲೆ ಬೀಳಬಾರದು. ನಾನು ಆ ಮನಿಗೆ ಬರಂಗಿಲ್ಲ."

ಮೊಮ್ಮಗಳ ಮುಖವನ್ನೂ ನೋಡದೆ ಉಚ್ಚೆಂಗಮ್ಮ ವಾಪಸು ಬಂದಳು. ಒಳಗೊಳಗೆ ಕುದ್ದು ಹೋದಳು. ಆದರೆ ಕುದ್ದದ್ದು ಸೊಸೆಯ ಮೇಲೆ. ನಾಲ್ಕು ಜನರೆದುರು ಆಡಿದ ಒಂದು ನಗೆಮಾತಿಗೆ ಇಷ್ಟು ಸಿಟ್ಟೇ?

ಆಕೆಯ ಜೊತೆ ರೊಟ್ಟಿ ಬಡಿಯಲು ಬರುತ್ತಿದ್ದವಳು ಹಿಂದಿನ ಮನೆಯ ಎಸ್ತೇರಮ್ಮ. ಗಂಡನಿಲ್ಲದ, ಮಾತು ಕಡಿಮೆಯ ಹೆಂಗಸು. ಬೆಳಿಗ್ಗೆ ಐದೂವರೆಗೆ ಬಂದು ಒಲೆಯ ಮೇಲೆ ಎಸರಿಡುತ್ತಿದ್ದಳು. ನೀರು ಕುದಿದ ಮೇಲೆ ತಾನೇ ಜೋಳದ ಹಿಟ್ಟು ಹಾಕುವುದು? ಅಷ್ಟು ಹೊತ್ತು ಉಚ್ಚೆಂಗಮ್ಮ ಹಿಟ್ಟು ಜರಡಿ ಹಿಡಿದರೆ, ಎಸ್ತೇರಮ್ಮ ಸೆರಗಿನಲ್ಲಿ ಸುತ್ತಿ ತಂದ ಬೈಬಲ್ ತೆಗೆದು, ಬೆಂಕಿಯ ಬೆಳಕಿನಲ್ಲಿ ತುಟಿ ಆಡಿಸುತ್ತ ಓದುತ್ತಿದ್ದಳು. ಜುಲೈ ತಿಂಗಳ ಒಂದು ದಿನ ಉಚ್ಚೆಂಗಮ್ಮನಿಗೆ ಬೇಜಾರು ತಡೆಯಲಾಗಲಿಲ್ಲ.

"ಅದೇನು ಗುಣುಗುಣು ಅಂತಿ ಎಸ್ತೇರಿ? ನನಗೂ ಕೇಳಂಗ ಓದು."

"ಜ್ಞಾನೋಕ್ತಿ ಅಕ್ಕಾ. ಮೂವತ್ತೊಂದು ಅಧ್ಯಾಯ ಅದಾವ. ತಾರೀಖಿಗೆ ಒಂದು. ನಮ್ಮಪ್ಪ ಹಂಗ ಓದಿಸ್ತಿದ್ದ."

"ದೇವರು ನಿಮ್ಮದು ಇರ್ಲಿ, ಮಾತು ಎಲ್ಲಾರ ಮನಿದು. ಓದು, ಕೇಳೋಣ."

ಅವತ್ತು ಹತ್ತೊಂಬತ್ತನೇ ತಾರೀಖು. ಆ ಅಧ್ಯಾಯದಲ್ಲಿ ಜಗಳಗಂಟಿ ಹೆಂಡತಿಯನ್ನು ಸೋರುವ ಮಾಳಿಗೆಗೆ ಹೋಲಿಸಿದ ಮಾತೊಂದು ಬರುತ್ತದೆ. ಕೇಳಿದ್ದೇ ತಡ, ಉಚ್ಚೆಂಗಮ್ಮನ ಕಣ್ಣು ಅರಳಿತು. ಸಾವಿರಾರು ವರ್ಷದ ಹಿಂದೆಯೇ ಯಾರೋ ಪುಣ್ಯಾತ್ಮರು ತನ್ನ ಸೊಸೆಯನ್ನು ನೋಡಿ ಬರೆದಿಟ್ಟಿದ್ದಾರೆ! ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಆ ಸಾಲನ್ನು ತನ್ನ ದನಿಯಲ್ಲೇ ಹೇಳಿ ವಾಟ್ಸಾಪಿನಲ್ಲಿ ಸುಷ್ಮಿತಾಳಿಗೆ ಕಳಿಸಿದಳು. ಇಪ್ಪತ್ತೊಂದನೇ ತಾರೀಖಿನ ಅಧ್ಯಾಯದಲ್ಲೂ ಅಂಥದೇ ಮಾತು. ಅದೂ ಹೋಯಿತು. ಇಪ್ಪತ್ತೈದಕ್ಕೆ ಒಂದು, ಇಪ್ಪತ್ತೇಳಕ್ಕೆ ಮತ್ತೊಂದು. ಇಷ್ಟು ಒಳ್ಳೆಯ ಪುಸ್ತಕವನ್ನು ಇಷ್ಟು ದಿನ ಗುಣುಗುಣು ಅಂತ ಓದಿ ದಂಡ ಮಾಡಿದೆಯಲ್ಲ ಎಂದು ಎಸ್ತೇರಮ್ಮನನ್ನು ಬೈದಳು ಕೂಡ.

ಮೂವತ್ತೊಂದರ ನಸುಕಿಗೆ ಮಾಲತೇಶ ಬಂದ. ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುವವನು, ರಾತ್ರಿ ಪಾಳಿ ಮುಗಿಸಿ ಕೆಂಪು ಧೂಳು ಮೆತ್ತಿದ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತ. ಕೂಗಾಡಲಿಲ್ಲ. ಕೂಗಾಡಿದ್ದರೆ ಉಚ್ಚೆಂಗಮ್ಮ ಗೆಲ್ಲುತ್ತಿದ್ದಳು.

"ಯವ್ವಾ, ನಿನ್ನ ಬಾಯಿ ಒಂದೇ ಸಾಲ್ದು ಅಂತ ಈಗ ಪುಸ್ತಕ ಬ್ಯಾರೆ ಹಿಡದಿ ಏನು? ಆಗಸ್ಟ್ ಮೂವತ್ತೊಂದು, ಭಾನುವಾರ, ಕೂಸಿನ್ನ ತೊಟ್ಟಿಲಿಗೆ ಹಾಕ್ತಾರ. ನೀನು ಬರಾದು ಬ್ಯಾಡಂತ. ನನಗೂ ಹಂಗ ಅನ್ನಿಸ್ತೈತಿ. ನಾನು ಕಂಪ್ಲ್ಯಾಗ ಮನಿ ಮಾಡ್ತೀನಿ."

ಅವನು ಹೋದ ಮೇಲೆ ಅವತ್ತು ಎಸರೂ ಇಡಲಿಲ್ಲ, ಅಧ್ಯಾಯವೂ ಓದಲಿಲ್ಲ. ಉಚ್ಚೆಂಗಮ್ಮ ಒಲೆಯ ಮುಂದೆ ಕೂತು ಗಳಗಳ ಅತ್ತಳು. ಮಗ ಹೋದ, ಸೊಸೆ ಹೋದಳು, ಮೊಮ್ಮಗಳ ಹೆಸರೇನು ಎಂದು ನಾಳೆ ಓಣಿಯವರು ಕೇಳಿದರೆ ಹೇಳಲು ಬಾಯಿಲ್ಲ. ಎಸ್ತೇರಮ್ಮ ಮೆಲ್ಲಗೆ ಮಾತೆತ್ತಿದಳು.

"ಅಕ್ಕಾ, ತಪ್ಪು ನಂದು. ಓದಾದು ಹೇಳಿದೆ, ಕಟ್ಟಳೆ ಹೇಳ್ಲಿಲ್ಲ. ನಮ್ಮಪ್ಪನ ಮನ್ಯಾಗ ಒಂದು ಕಟ್ಟಳೆ ಇತ್ತು. ಓದಿದ ಮಾತು ತನಗ ಎಲ್ಲಿ ಚುಚ್ತು ಅಂತ ಹೇಳ್ಬೇಕು. ಬ್ಯಾರೇರ ಹೆಸರು ತಗದ್ರ ಅವತ್ತು ಚಹಾ ಇಲ್ಲ."

"ಚಹಾ ಇಲ್ಲಾ?"

"ಒಂದು ಗುಟುಕು ಇಲ್ಲ."

ಆಗಸ್ಟ್ ಒಂದರಿಂದ ಕಟ್ಟಳೆ ಶುರುವಾಯಿತು, ಉಚ್ಚೆಂಗಮ್ಮನ ಚಹಾ ನಿಂತಿತು. ಮೊದಲನೇ ದಿನ ಓಣಿಯ ಯಲ್ಲಕ್ಕನ ಹೆಸರು ತೆಗೆದಳು. ಎರಡನೇ ದಿನ ಖಾನಾವಳಿಯವನದು. ಆರನೇ ತಾರೀಖು ಇರುವೆಯ ದುಡಿಮೆಯನ್ನು ನೋಡಿ ಕಲಿ ಎಂದು ಸೋಮಾರಿಗೆ ಹೇಳುವ ಭಾಗ ಬಂತು. ಉಚ್ಚೆಂಗಮ್ಮ ತೊಡೆ ತಟ್ಟಿ, "ಇದು ನಮ್ಮ ಮಾಲತೇಶಂದೇ! ಹುಡುಗ ಇದ್ದಾಗ ಎಂಟಕ್ಕ ಏಳ್ತಿದ್ದ!" ಎಂದಳು. ಎಸ್ತೇರಮ್ಮ ಆಕೆಯ ಲೋಟವನ್ನು ತೆಗೆದು ಬೋರಲು ಹಾಕಿದಳು. ಐವತ್ತು ವರ್ಷ ಬೆಳಗಿನ ಚಹಾ ತಪ್ಪಿಸದ ಜೀವಕ್ಕೆ ತಲೆ ಸಿಡಿಯತೊಡಗಿತು.

ಹನ್ನೆರಡನೇ ತಾರೀಖು ಎಸ್ತೇರಮ್ಮ ಓದುತ್ತಿದ್ದಳು. ಯೋಚನೆಯಿಲ್ಲದೆ ಆಡಿದ ಮಾತು ಕತ್ತಿಯ ಹಾಗೆ ಇರಿಯುತ್ತದೆ ಎಂಬ ಅರ್ಥದ ಸಾಲು ಬಂತು. ಉಚ್ಚೆಂಗಮ್ಮ ಅಭ್ಯಾಸಬಲದಿಂದ ಯಾರ ಹೆಸರು ಹೇಳಲಿ ಎಂದು ಬಾಯಿ ತೆರೆದಳು. ಯಾರ ಹೆಸರೂ ಬರಲಿಲ್ಲ. ಹಸಿರು ಸೀರೆಯ ಹುಡುಗಿ ಕಣ್ಣ ಮುಂದೆ ಬಂದಳು. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ತಲೆ ತಗ್ಗಿಸಿದ್ದಳಲ್ಲ, ಅದು ನಾಚಿಕೆಯಲ್ಲ. ಒಳಗಿನ ಕೂಸಿಗೆ ಕೇಳಬಾರದು ಎಂದು ಅದರ ಕಿವಿ ಮುಚ್ಚಿದ್ದಳು.

"ಎಸ್ತೇರಿ," ಎಂದಳು ಉಚ್ಚೆಂಗಮ್ಮ. "ನನಗ ಇಲ್ಲಿ ಚುಚ್ತು." ಹಿಟ್ಟಿನ ಕೈ ತುಟಿಯ ಮೇಲಿತ್ತು.

ಎಸರು ಕುದ್ದು ಕುದ್ದು ಅರ್ಧವಾಯಿತು. ಇಬ್ಬರೂ ಏಳಲಿಲ್ಲ. ಅವತ್ತು ಎಸ್ತೇರಮ್ಮ ಚಹಾ ಕೊಟ್ಟಳು, ಸಕ್ಕರೆ ಹಾಕುವುದನ್ನು ಮಾತ್ರ ಮರೆತಿದ್ದಳು. ಉಚ್ಚೆಂಗಮ್ಮ ಅದನ್ನು ಎತ್ತಿ ಆಡದೆ ಕುಡಿದಳು. ಎಸ್ತೇರಮ್ಮನಿಗೆ ಅದೇ ದೊಡ್ಡ ಸೋಜಿಗ.

ಅವತ್ತೇ ಫೋನು ಹಿಡಿದು ದನಿ ಕಳಿಸಿದಳು. "ಸುಷ್ಮಿ, ನಾನು. ಪುಸ್ತಕದ ಮಾತು ಹೇಳಾಕ ಅಲ್ಲ. ಕುಬುಸದ ದಿನ ನಾನಂದ ಮಾತು ತಪ್ಪು. ನಗೆಮಾತು ಅಲ್ಲ ಅದು. ನಿನ್ನ ರೊಟ್ಟಿ ಚಂದಿರ್ತಾವ, ಮೆತ್ತಗ ಇರ್ತಾವ, ನನಗ ಹೇಳಾಕ ಬಾಯಿ ಬರ್ಲಿಲ್ಲ. ಉತ್ತರ ಕೊಡಬ್ಯಾಡ. ಕೇಳು ಸಾಕು."

ಅಲ್ಲಿಂದ ದಿನಕ್ಕೊಂದು. ಹದಿನೈದಕ್ಕೆ ಮೆತ್ತಗೆ ಉತ್ತರ ಕೊಡುವ ವಿಷಯ ಬಂತು. ಮದುವೆಯಾದ ಹೊಸದರಲ್ಲಿ ಸುಷ್ಮಿತಾ ಕೇಳಿದ ಪ್ರಶ್ನೆಗೆಲ್ಲ ತಾನು ಹೇಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದೆ ಎಂದು ಹೇಳಿ ಕಳಿಸಿದಳು. ಹತ್ತೊಂಬತ್ತಕ್ಕೆ ಮತ್ತೆ ಸೋರುವ ಮಾಳಿಗೆ ಬಂತು. "ಸುಷ್ಮಿ, ಹೋದ ತಿಂಗಳು ಈ ಮಾತು ನಿನಗ ಕಳಿಸಿದ್ದೆ. ವಿಳಾಸ ತಪ್ಪಿತ್ತು. ಸೋರಾದು ನಾನು." ಇಪ್ಪತ್ಮೂರಕ್ಕೆ, ರೊಟ್ಟಿ ಒಯ್ಯುವ ಆಟೋದ ಹಂಪೇಶ ತಡವಾಗಿ ಬಂದನೆಂದು ಅವನ ಮೂರು ತಲೆಮಾರು ಜಾಲಾಡಿಬಿಟ್ಟಳು. ಅದನ್ನೂ ಸೊಸೆಗೆ ಹೇಳಿದಳು, ಅವನಿಗೆ ಎರಡು ರೊಟ್ಟಿ ಹೆಚ್ಚು ಕೊಟ್ಟು ಸಮಾಧಾನ ಮಾಡಿದ್ದನ್ನೂ ಹೇಳಿದಳು. ಇಷ್ಟು ವರ್ಷದ ರೋಗ ಒಂದು ತಿಂಗಳಿಗೆ ಬಿಟ್ಟು ಹೋಗುವುದಿಲ್ಲ.

ಕಂಪ್ಲಿಯಿಂದ ಉತ್ತರ ಬರಲಿಲ್ಲ. ವಾಟ್ಸಾಪಿನಲ್ಲಿ ಕೇಳಿದ ಗುರುತು ಮಾತ್ರ ದಿನಾ ಬೀಳುತ್ತಿತ್ತು.

ಮೂವತ್ತನೇ ತಾರೀಖು ಮಧ್ಯಾಹ್ನ ಫೋನು ಗುಂಯ್ ಅಂತು. ಸುಷ್ಮಿತಾ ದನಿ ಕಳಿಸಿದ್ದಳು. ಉಚ್ಚೆಂಗಮ್ಮನ ಬೆರಳು ಒತ್ತಲೊಲ್ಲದು. ಎಸ್ತೇರಮ್ಮನೇ ಒತ್ತಿದಳು.

"ಅತ್ತಿ, ನಾಳೆ ಮೂವತ್ತೊಂದನೇದು ಕಳಿಸಬ್ಯಾಡ್ರಿ. ಬಂದು ಹೇಳ್ರಿ."

ಇಬ್ಬರು ಹೆಂಗಸರು ಹಿಟ್ಟಿನ ಕೈಯಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವ ಮುಂಚೆ ಎಸ್ತೇರಮ್ಮ ಬಂದು ಕೊನೆಯ ಅಧ್ಯಾಯ ಓದಿದಳು. ರಾಜನಾದ ಮಗನಿಗೆ ತಾಯಿ ಹೇಳಿದ ಬುದ್ಧಿ ಅದು. ಬಾಯಿಲ್ಲದವರ ಪರವಾಗಿ ಬಾಯಿ ತೆರೆಯಬೇಕೆಂಬುದು ಅದರಲ್ಲೊಂದು. ಉಚ್ಚೆಂಗಮ್ಮ ಕಕ್ಕಾಬಿಕ್ಕಿಯಾದಳು.

"ಮೂವತ್ತು ದಿನ ಬಾಯಿ ಹಿಡಿ, ಬಾಯಿ ಹಿಡಿ ಅಂತ ಹೇಳಿ, ಕಡಿಗೆ ಬಾಯಿ ತಗಿ ಅಂತೈತಲ್ಲೇ?"

"ಯಾರ ಸಲುವಾಗಿ ತಗಿ ಅಂತೈತಿ, ಅದನ್ನ ನೋಡ್ರಿ ಅಕ್ಕಾ," ಎಂದು ಎಸ್ತೇರಮ್ಮ ಪುಸ್ತಕ ಮುಚ್ಚಿದಳು.

ಬಸ್ಸು ಬುಕ್ಕಸಾಗರ, ರಾಮಸಾಗರ ದಾಟುವಾಗ ಎರಡೂ ಕಡೆ ಬಾಳೆ ತೋಟ, ಆಮೇಲೆ ನಾಟಿಯಾದ ಗದ್ದೆ. ಉಚ್ಚೆಂಗಮ್ಮ ಯಾವುದನ್ನೂ ನೋಡಲಿಲ್ಲ. ಏನೇ ಆಗಲಿ, ಇವತ್ತು ಬಾಯಿಗೆ ಬೀಗ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಒಂದು ಮಾತು ಹೆಚ್ಚುಕಡಿಮೆಯಾದರೆ ಈ ಬಾಗಿಲು ಮತ್ತೆ ತೆರೆಯುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು.

ಬೀಗತಿ ಜಂಬಮ್ಮ ಬಾಗಿಲಲ್ಲೇ, "ಬರ್ರಿ, ಕುಂದ್ರಿ," ಎಂದಳು, ಮುಖ ಬಿಗಿದೇ ಇತ್ತು. ಕುಬುಸಕ್ಕೆ ಬಂದಿದ್ದ ಹೆಂಗಸರೇ ಸುತ್ತ ಕೂತಿದ್ದರು. ಚೆಂಡುಹೂವು ಸುತ್ತಿದ ತೊಟ್ಟಿಲು. ಸುಷ್ಮಿತಾಳ ತೊಡೆಯ ಮೇಲೆ ಕೂಸು, ಅದರ ಎಡಗಾಲಿಗೆ ಬಿಳಿ ಪ್ಲಾಸ್ಟರ್. ಮೂರು ತಿಂಗಳಾದ ಮೇಲೆ ಉಚ್ಚೆಂಗಮ್ಮ ಮೊಮ್ಮಗಳ ಮುಖ ನೋಡಿದಳು. ಮೂಗು ಅಚ್ಚು ತನ್ನದೇ. ಹೇಳಬೇಕೆನಿಸಿತು. ಹೇಳಲಿಲ್ಲ.

ಮಾಲತೇಶನಿಗೆ ಅಕ್ಕತಂಗಿಯರಿಲ್ಲವಾದ್ದರಿಂದ ಹೆಸರು ಕರೆಯಲು ಜಂಬಮ್ಮನ ಅಕ್ಕ ಭೀಮಮ್ಮನನ್ನು ಗೊತ್ತು ಮಾಡಿದ್ದರು. ಆಕೆ ಕೂಸನ್ನು ಎತ್ತಿಕೊಳ್ಳಲು ಬಾಗಿದವಳು, ಪ್ಲಾಸ್ಟರ್ ನೋಡಿ ಲೊಚಗುಟ್ಟಿದಳು.

"ಹೆಣ್ಣು ಕೂಸು, ಮ್ಯಾಲೆ ಕಾಲು ಹಿಂಗ. ಬಸುರ್ಯಾಗ ಗ್ರಹಣ ನೋಡ್ಯಾಳ ಇಕಿ. ಹೇಳಿದ ಮಾತು ಕೇಳಾದಿಲ್ಲ ಈಗಿನ ಹುಡುಗ್ಯಾರು."

ಸುಷ್ಮಿತಾ ತಲೆ ತಗ್ಗಿಸಿದಳು. ಎರಡೂ ಕೈ ಕೂಸಿನ ಕಿವಿಯ ಮೇಲೆ ಹೋದವು. ಉಚ್ಚೆಂಗಮ್ಮ ಅದನ್ನು ನೋಡಿದಳು. ಎದ್ದು ನಿಂತಳು.

"ಭೀಮಕ್ಕಾ, ಸ್ವಲ್ಪ ತಡೀರಿ." ದನಿ ಎತ್ತರಿಸಲಿಲ್ಲ, ಆದರೂ ಅಂಗಳದ ತನಕ ಕೇಳಿತು. "ನನ್ನ ಸೊಸಿ ಯಾವ ಗ್ರಹಣಾನೂ ನೋಡಿಲ್ಲ. ಗ್ರಹಣ ಹಿಡದಿದ್ದು ನನ್ನ ಬಾಯಿಗೆ. ಇಲ್ಲಿ ಕುಂತೋರೆಲ್ಲ ಅವತ್ತು ಕೇಳೀರಿ, ನಾನೇನಂದೆ ಅಂತ. ಕಾಲು ಹಂಗ ಆಗಾಕ ಇಕಿದು ಏನೂ ತಪ್ಪಿಲ್ಲ ಅಂತ ಡಾಕ್ಟ್ರು ಹೇಳ್ಯಾರ. ಏಳು ತಿಂಗಳ ತನಕ ನನ್ನ ಜೋಡಿ ಒಲಿ ಮುಂದ ಕುಂತು ದುಡದಾಳ ಈ ಹುಡುಗಿ. ಹುಟ್ಟಿದ ಕೂಸಿನ್ನ ವಾರವಾರ ಎತ್ಕೊಂಡು ಆಸ್ಪತ್ರಿಗೆ ಓಡ್ಯಾಡಿ ಕಾಲು ನೆಟ್ಟಗ ಮಾಡಸಾಕತ್ತಾಳ. ಇಂಥ ತಾಯಿ ನನಗ ಆಗಾಕ ಬರ್ಲಿಲ್ಲ. ಬೈಯಾದಿದ್ರ ನನ್ನ ಬೈರಿ, ಭಾಳ ಬಾಕಿ ಐತಿ. ಇಕಿಗೆ ಒಂದು ಮಾತು ಅಂದ್ರ, ನನ್ನ ಬಾಯಿ ಎಂಥಾದು ಅಂತ ನಿಮಗೆಲ್ಲ ಗೊತ್ತೈತಿ."

ಭೀಮಮ್ಮ ಹಿಂದೆ ಸರಿದು ಗೋಡೆಗೆ ಒರಗಿದಳು. ಬಾಗಿಲಲ್ಲಿ ನಿಂತಿದ್ದ ಮಾಲತೇಶ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ. ಉಚ್ಚೆಂಗಮ್ಮ, ಬಾಯಿಯ ಬೀಗ ಒಡೆದೇಬಿಟ್ಟಿತಲ್ಲ, ಎಲ್ಲಾ ಮುಗಿಯಿತು ಎಂದುಕೊಂಡು ಚೀಲ ಎತ್ತಿಕೊಂಡಳು.

"ಅತ್ತಿ, ಎಲ್ಲಿಗೆ ಹೊಂಟ್ರಿ?" ಸುಷ್ಮಿತಾ ಎದ್ದು ಬಂದಿದ್ದಳು. ಕೆನ್ನೆ ಒದ್ದೆಯಾಗಿತ್ತು, ಮುಖ ಮಾತ್ರ ಎತ್ತಿ ಹಿಡಿದಿದ್ದಳು. ಕೂಸನ್ನು ಅತ್ತೆಯ ಕೈಗೆ ಇಟ್ಟಳು. "ಹೆಸರು ನೀವೇ ಕರೀರಿ. ಈ ಬಾಯಿ ನನ್ನ ಕೂಸಿನ ಮ್ಯಾಲೆ ಬೀಳಬಾರದು ಅಂದಿದ್ದೆ. ಈಗ ಅದೇ ಬಾಯಿ ಮೊದಲು ಬೀಳ್ಲಿ." ಹೆಸರನ್ನು ಅತ್ತೆಯ ಕಿವಿಯಲ್ಲಿ ಹೇಳಿದಳು.

ಹೆಸರು ಕರೆಯುವವಳ ಬೆನ್ನಿಗೆ ಗುದ್ದುವುದು ಹೆಂಗಸರ ಹಕ್ಕು. ಕಮಲಾಪುರದ ಆ ಬಾಯಿಗೆ ಸಿಕ್ಕು ನೊಂದವರು, ನೊಂದವರ ನಂಟರು, ಸುಮ್ಮನೆ ಸುದ್ದಿ ಕೇಳಿದವರು, ಎಲ್ಲರೂ ಮುಂದೆ ಬಂದರು. ಇಂಥ ಅವಕಾಶ ಮತ್ತೆ ಸಿಗುತ್ತದೆಯೇ? ಜಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಗುದ್ದು ಕೊಟ್ಟಳು, ಕೊಟ್ಟವಳೇ ನಕ್ಕುಬಿಟ್ಟಳು. ಭೀಮಮ್ಮ ಎರಡು ಹೆಚ್ಚೇ ಕೊಟ್ಟಳು. ದಬದಬ ಗುದ್ದಿಸಿಕೊಳ್ಳುತ್ತ, ನಗುತ್ತ ಅಳುತ್ತ ಉಚ್ಚೆಂಗಮ್ಮ ಕೂಸಿನ ಕಿವಿಗೆ ಬಾಯಿ ತಂದಳು.

ಜನ್ಮದಲ್ಲಿ ಆಕೆ ಪಿಸುಮಾತು ಆಡಿದವಳಲ್ಲ. ಆಕೆಯ ಗುಟ್ಟು ಮೂರು ಮನೆ ಆಚೆ ಕೇಳುತ್ತಿತ್ತು. ಈಗ ಶಾಸ್ತ್ರದಂತೆ, "ಕುರ್ರ್..." ಎಂದು, ಆ ಪುಟ್ಟ ಕಿವಿಗೆ ಎಷ್ಟು ಬೇಕೋ ಅಷ್ಟೇ ಉಸಿರಿನಲ್ಲಿ ಹೆಸರು ಹೇಳಿದಳು. ಕೂಸು ಕಣ್ಣರಳಿಸಿ ಅಜ್ಜಿಯನ್ನೇ ನೋಡಿತು.

"ಏನಂದ್ರಿ? ನಮಗ ಕೇಳ್ಲೇ ಇಲ್ಲ!" ಎಂದು ಹೆಂಗಸರೆಲ್ಲ ಗದ್ದಲ ಎಬ್ಬಿಸಿದರು.

"ನಿಮಗ ಹೇಳಿಲ್ಲ ಬಿಡ್ರಿ," ಎಂದಳು ಉಚ್ಚೆಂಗಮ್ಮ. "ಕೇಳಬೇಕಾದಾಕಿಗೆ ಕೇಳೈತಿ."